ತೊಗಟೆಯೇ ಇಷ್ಟ ಎಂದ ಮೂಸ್

ಹಿಮ ಇನ್ನೂ ಬೀಳುವುದನ್ನು ಕಲಿಯುತ್ತಿದ್ದ ಕಾಲ ಅದು. ಒಂದು ದಿನ ಗೊರಸು ಮುಳುಗುವಷ್ಟು ಬೀಳುತ್ತಿತ್ತು, ಇನ್ನೊಂದು ದಿನ ಗಿಡಗಳ ನೆತ್ತಿ ಮುಚ್ಚುವಷ್ಟು ಬೀಳುತ್ತಿತ್ತು. ಅಳತೆ ಗೊತ್ತಿರಲಿಲ್ಲ, ಪಾಪ. ಹೊಳೆಗಳಿಗೂ ಎತ್ತ ಹರಿಯಬೇಕು ಅನ್ನುವುದು ಸರಿಯಾಗಿ ತಿಳಿದಿರಲಿಲ್ಲ. ಇವತ್ತು ಈ ಕಡೆ ಹೋಗಿ, ನಾಳೆ ಏನೋ ಮರೆತವರ ಹಾಗೆ ವಾಪಸ್ ಬರುತ್ತಿದ್ದವು. ಭೂಮಿ ಅಷ್ಟು ಹೊಸದು.

ಆ ಭೂಮಿಯ ನೆತ್ತಿಯ ಮೇಲೆ, ವರ್ಷದಲ್ಲಿ ಆರೇಳು ತಿಂಗಳು ಚಳಿಯೇ ಇರುವ ಕಾಡಿನಲ್ಲಿ, ಜಿಂಕೆಯ ಕುಲದವರೆಲ್ಲ ಹಿಂಡು ಕಟ್ಟಿಕೊಂಡು ಬದುಕುತ್ತಿದ್ದರು. ಹಿಂಡು ಬಿಟ್ಟು ಬದುಕಬಹುದು ಅಂತ ಯಾರ ತಲೆಗೂ ಹೊಳೆದಿರಲಿಲ್ಲ. ಅಂಥ ಒಂದು ಹಿಂಡಿನಲ್ಲಿ ಉದ್ದಿ ಇದ್ದಳು.

ಉದ್ದಿ ಯಾರು ಅಂದಿರಾ? ಪುಸ್ತಕದಲ್ಲಿ ಚಿತ್ರ ನೋಡಿ “ಇದೇನು ಕುದುರೆಯಾ, ಎಮ್ಮೆಯಾ, ಒಂಟೆಯಾ?” ಅಂತ ಪ್ರಾಣ ತಿನ್ನುತ್ತೀರಲ್ಲ, ಆ ಮೂಸ್. ಕುದುರೆಯಲ್ಲ, ಎಮ್ಮೆಯಲ್ಲ, ಒಂಟೆ ಮೊದಲೇ ಅಲ್ಲ. ಜಿಂಕೆಯ ಕುಲವೇ. ನಮ್ಮ ಕಾಡಿನ ಕಡವೆಗೆ ದೂರದ ದೊಡ್ಡಮ್ಮ ಅಂತ ಇಟ್ಟುಕೊಳ್ಳಿ. ಮೂಗು ಯಾಕೆ ಅಷ್ಟುದ್ದ, ಗದ್ದದ ಕೆಳಗೆ ಅದೇನು ಜೋಲಾಡುತ್ತಿದೆ ಅಂತೆಲ್ಲ ಈಗಲೇ ಶುರು ಮಾಡಬೇಡಿ. ಒಂದು ಕಥೆಗೆ ಒಂದು ಪ್ರಶ್ನೆ ಸಾಕು. ಇವತ್ತಿನ ಪ್ರಶ್ನೆ, ಆ ಮೂಸ್ ಯಾಕೆ ಯಾವಾಗ ನೋಡಿದರೂ ತನ್ನ ಪಾಡಿಗೆ ತಾನು ಇರುತ್ತದೆ ಅನ್ನುವುದು.

ಆಗ ಅದಕ್ಕೆ ಮೂಸ್ ಅನ್ನುವ ಹೆಸರೂ ಇರಲಿಲ್ಲ. ಕಾಲು ಉದ್ದ, ಬೆನ್ನು ಎತ್ತರ, ಮುಖ ಉದ್ದ. ಹಾಗಾಗಿ ಎಲ್ಲರೂ ಉದ್ದಿ, ಉದ್ದಿ ಅಂತ ಕರೆಯುತ್ತಿದ್ದರು. ಅವಳ ಥರದವರು ಒಂದೊಂದು ಹಿಂಡಿನಲ್ಲಿ ಒಬ್ಬೊಬ್ಬರಂತೆ ಇದ್ದರು. ಉದ್ದಿಯ ಹಿಂಡಿನಲ್ಲಿ ಉಳಿದವರೆಲ್ಲ ಹಿಮಸಾರಂಗಗಳು. ಗಿಡ್ಡ ಗಿಡ್ಡ ಕಾಲು, ದಪ್ಪ ತುಪ್ಪಳದ ಮೈ, ಯಾವಾಗಲೂ ಒಬ್ಬರಿಗೊಬ್ಬರು ಅಂಟಿಕೊಂಡು ನಡೆಯುವ ಜನ. ಹಿಂಡಿಗೆ ಹಿರಿಯಳು ಬೆಳ್ಳಜ್ಜಿ. ಮೈ ಬೆಳ್ಳಗೆ, ಗಡ್ಡ ಬೆಳ್ಳಗೆ, ಹುಬ್ಬು ಕೂಡ ಬೆಳ್ಳಗೆ. ಮಾತು ಜೋರು, ಮನಸ್ಸು ಬೆಣ್ಣೆ.

ಆ ವರ್ಷದ ಬೇಸಿಗೆಯಲ್ಲಿ ಉದ್ದಿಗೆ ಒಂದು ಮರಿ ಹುಟ್ಟಿತು. ಕೆಂಚು ಕೂದಲಿನ ಗಂಡುಮರಿ. ಬೆಳ್ಳಜ್ಜಿಯೇ ಅದನ್ನು ನೆಕ್ಕಿ ಒಣಗಿಸಿ, “ಕೆಂಚ ಕಣೇ ಇವನು, ನೋಡು ಹೆಂಗೆ ಕಣ್ಣು ಬಿಡ್ತಾನೆ!” ಅಂದಳು. ಕೆಂಚ ಅನ್ನುವ ಹೆಸರೇ ನಿಂತಿತು. ಉದ್ದಿಗೆ ಆ ಮರಿ ಅಂದರೆ ಜೀವ. ಅವನು ಎರಡು ಹೆಜ್ಜೆ ಹೋದರೆ ಇವಳು ಒಂದು ಹೆಜ್ಜೆ ಹಾಕುತ್ತಿದ್ದಳು. ಅವಳ ಒಂದು ಹೆಜ್ಜೆ ಅವನ ಐದು ಹೆಜ್ಜೆಗೆ ಸಮ, ಅದಕ್ಕೆ ಆಗಾಗ ನಿಂತು ಕಾಯಬೇಕಾಗುತ್ತಿತ್ತು.

ಆ ಹಿಂಡಿನಲ್ಲಿ ಒಂದು ಪದ್ಧತಿ ಇತ್ತು. ದಾರಿ ತುಳಿಯುವವರು ಕೊನೆಗೆ ಉಣ್ಣಬೇಕು. ಯಾಕೆ ಅಂದರೆ, ಮುಂದೆ ನಡೆಯುವುದು ದೊಡ್ಡಸ್ತಿಕೆಯ ಕೆಲಸ. ನಮ್ಮಲ್ಲಿ ಬಡಿಸಿದವರು ಕೊನೆಗೆ ಎಲೆ ಹಾಕಿಕೊಂಡು ಕೂರುವುದಿಲ್ಲವಾ, ಹಾಗೆ. ಹಿಂಡಿನ ದೊಡ್ಡವರು ಮಾಡಿಟ್ಟಿದ್ದು, ಎಲ್ಲರೂ ಒಪ್ಪಿದ್ದು. ಹಿಂಡಿನಲ್ಲಿ ಎಲ್ಲರಿಗಿಂತ ಉದ್ದ ಕಾಲು ಉದ್ದಿಯದು, ಆದ್ದರಿಂದ ದಾರಿ ತುಳಿಯುವವಳು ಅವಳೇ. ಹಿಮ ಸ್ವಲ್ಪವೇ ಬೀಳುತ್ತಿದ್ದ ವರ್ಷಗಳಲ್ಲಿ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಎಲ್ಲರೂ ತಿಂದ ಮೇಲೂ ಬೇಕಾದಷ್ಟು ಉಳಿಯುತ್ತಿತ್ತು.

ಇನ್ನೂ ಒಂದು ಪದ್ಧತಿ ಇತ್ತು. ಸಂಜೆಯಾದರೆ ಬೆಳ್ಳಜ್ಜಿ ಹಿಂಡಿನ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತಿದ್ದಳು. ಒಬ್ಬೊಬ್ಬರನ್ನೂ ಮಾತಾಡಿಸುತ್ತಿದ್ದಳು.

“ಊಟ ಆಯ್ತಾ?”

“ಆಯ್ತಜ್ಜಿ.”

“ಊಟ ಆಯ್ತೇನೋ?”

“ಆಯ್ತಜ್ಜಿ.”

ಎಲ್ಲರೂ “ಆಯ್ತಜ್ಜಿ” ಅನ್ನುತ್ತಿದ್ದರು. ಬೇರೆ ಉತ್ತರ ಯಾರಾದರೂ ಕೊಟ್ಟಿದ್ದಾರಾ? ನೀವಾದರೂ ಕೊಟ್ಟಿದ್ದೀರಾ? ಪಕ್ಕದ ಮನೆಯವರು ಕೇಳಿದಾಗ ಹೊಟ್ಟೆ ಗುರ್ ಅನ್ನುತ್ತಿದ್ದರೂ “ಆಯ್ತು, ನಿಮ್ಮದು?” ಅನ್ನುತ್ತೀರಿ. ಹಾಗೆಯೇ ಅದು. ಅಜ್ಜಿಯೂ ಉತ್ತರ ಬರುವಷ್ಟರಲ್ಲಿ ಮುಂದಿನವರ ಹತ್ತಿರ ಹೋಗಿರುತ್ತಿದ್ದಳು.

ಆ ವರ್ಷ ಹಿಮ ಬಂತು ನೋಡಿ, ಅಬ್ಬಬ್ಬಾ! ಬಿದ್ದದ್ದೇ ಬಿದ್ದದ್ದು. ಮೊದಲ ದಿನ ಹಿಮಸಾರಂಗಗಳ ಮೊಣಕಾಲಿಗೆ, ಮೂರನೇ ದಿನ ಹೊಟ್ಟೆಗೆ, ಏಳನೇ ದಿನ ಎದೆಗೆ. ಬೆಳ್ಳಜ್ಜಿ ಆಕಾಶ ನೋಡಿ, “ಏ ಹಿಮ, ಅಷ್ಟು ಯಾಕೋ? ಸಾಕು ನಿಲ್ಲಿಸೋ!” ಅಂತ ಬೈದಳು. ಹಿಮ ಸಣ್ಣ ದನಿಯಲ್ಲಿ, “ನಂಗೆ ನಿಲ್ಲಿಸೋದು ಇನ್ನೂ ಬರಲ್ಲ ಅಜ್ಜಿ” ಅಂತು. ಬೈದು ಏನು ಪ್ರಯೋಜನ?

ಉದ್ದಿ ಮುಂದೆ ನಡೆದಳು. ಎದೆಯಿಂದ ಹಿಮ ತಳ್ಳಿದಳು, ಗೊರಸಿನಿಂದ ತುಳಿದಳು. ಅವಳ ಹಿಂದೆ ಒಬ್ಬರ ಹಿಂದೆ ಒಬ್ಬರಂತೆ ಹಿಂಡೆಲ್ಲ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಬಂಡೆಗಳಿದ್ದ ಜಾಗ ಸಿಕ್ಕಿತು. ಬಂಡೆಯ ಸಂದಿಯಲ್ಲಿ ಹಿಮ ಕೆದರಿದರೆ ಕಲ್ಲುಹೂವು. ನಿಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಕರ್ರಗೆ ಮುದುಡಿಕೊಂಡು ಇರುತ್ತದಲ್ಲ, ಅದರ ಅಕ್ಕತಂಗಿಯರೇ. ಹಿಮಸಾರಂಗಗಳಿಗೆ ಚಳಿಗಾಲದ ಊಟ ಅದು.

ಮರಿಗಳು ಮೊದಲು ತಿಂದವು, ಇನ್ನೂ ತಾಯಿಯ ಹಾಲನ್ನೇ ನೆಚ್ಚಿದ್ದ ಕೆಂಚನೊಬ್ಬನನ್ನು ಬಿಟ್ಟು. ಆಮೇಲೆ ಮುದುಕರು. ಆಮೇಲೆ ಉಳಿದವರು. ಎಲ್ಲ ಆದ ಮೇಲೆ ಉದ್ದಿ ಹೋಗಿ ನೋಡಿದರೆ ಬಂಡೆ ಬೋಳು. ಒಂದು ಎಳೆ ಕೂಡ ಇರಲಿಲ್ಲ.

ಯಾರೂ ಬೇಕೆಂದು ಮಾಡಿದ್ದಲ್ಲ. ಎಲ್ಲರಿಗೂ ಹಸಿವು, ಸಿಕ್ಕಿದ್ದೇ ಸ್ವಲ್ಪ. ಉದ್ದಿ ಅತ್ತ ಇತ್ತ ನೋಡಿದಳು. ಪಕ್ಕದಲ್ಲಿ ಒಂದು ಮರ ಇತ್ತು. ತೊಗಟೆಗೆ ಹಲ್ಲು ಕೊಟ್ಟು ಚರ್ ಅಂತ ಸುಲಿದಳು. ಕಹಿ. ಒಣಕಲು. ನಾರು ನಾರು. ಆದರೂ ಅಗಿದಳು, ಹೊಟ್ಟೆಗೆ ಏನಾದರೂ ಬೀಳಬೇಕಲ್ಲ.

ಅಷ್ಟರಲ್ಲಿ ಬೆಳ್ಳಜ್ಜಿ ಬಂದಳು. “ಊಟ ಆಯ್ತೇನೇ ಉದ್ದಿ? ಅಯ್ಯೋ, ಇದೇನೇ ತೊಗಟೆ ತಿಂತಿದೀಯ?”

ಉದ್ದಿ ಯೋಚಿಸಿದಳು. ನಿಜ ಹೇಳಿದರೆ ಅಜ್ಜಿ ನೊಂದುಕೊಳ್ಳುತ್ತಾಳೆ. ತಿಂದವರಿಗೆಲ್ಲ ತಿಂದದ್ದು ಮೈಗೆ ಹತ್ತುವುದಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟಳು. “ಆಯ್ತಜ್ಜಿ. ನಂಗೆ ತೊಗಟೆನೇ ಇಷ್ಟ.”

“ಹೌದಾ? ಒಳ್ಳೆ ರುಚಿ ಕಣೇ ನಿಂದು!” ಅಂತ ನಗುತ್ತಾ ಬೆಳ್ಳಜ್ಜಿ ಮುಂದೆ ಹೋದಳು.

ಅನ್ನ ತಳ ಹಿಡಿದರೆ “ನಂಗೆ ಸೀಕಲೇ ಇಷ್ಟ” ಅಂತ ಪಾತ್ರೆ ಕೆರೆದುಕೊಳ್ಳುವವರು ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಗಮನಿಸಿ ನೋಡಿ ಒಂದು ಸಲ.

ಒಂದು ಮಾತು, ಅಷ್ಟೇ. ಆದರೆ ಆ ಮಾತು ಹಿಂಡಿನ ಬಾಯಿಗೆ ಬಿತ್ತು. ಮಾರನೇ ದಿನ ಬೆಳ್ಳಜ್ಜಿ ಎಲ್ಲರನ್ನೂ ಕರೆದು, “ನೋಡ್ರೋ, ದಾರೀಲಿ ಒಳ್ಳೆ ತೊಗಟೆ ಇರೋ ಮರ ಕಂಡ್ರೆ ಯಾರೂ ಕೊಂಬು ಉಜ್ಜಿ ಹಾಳು ಮಾಡಬೇಡಿ. ಅದು ನಮ್ಮ ಉದ್ದಿಗೆ” ಅಂದಳು. ಎಲ್ಲರೂ ಪ್ರೀತಿಯಿಂದ ಒಪ್ಪಿದರು. ಚಿಕ್ಕ ಮರಿಗಳು ಓಡಿ ಬಂದು, “ಅತ್ತೆ, ಅತ್ತೆ, ಅಲ್ಲೊಂದು ಮರ ಇದೆ, ನಿಂಗೇ ಅಂತ ಬಿಟ್ಟಿದೀವಿ!” ಅನ್ನುತ್ತಿದ್ದವು. ಉದ್ದಿ ನಕ್ಕು, “ಜಾಣ ಮರಿಗಳು” ಅಂತ ಅವುಗಳ ತಲೆ ನೆಕ್ಕುತ್ತಿದ್ದಳು. ಒಳಗೆ ಕರುಳು ಸುಡುತ್ತಿತ್ತು.

ಕೊನೆಗೆ ಹಿಂಡಿನವರು ಉದ್ದಿ ಅನ್ನುವ ಹೆಸರನ್ನೂ ಬಿಟ್ಟರು. ತೊಗಟೆ ಸುಲಿಯೋಳು ಅಂತ ಕರೆದರು. ಮರ್ಯಾದೆಯ ಹೆಸರು ಅಂತಲೇ ಇಟ್ಟಿದ್ದು. ಮಾಡಿದ ಕೆಲಸದ ಮೇಲೆ ಹೆಸರು ಸಿಗುವುದು ಆಗಿನ ಕಾಲಕ್ಕೆ ದೊಡ್ಡ ವಿಷಯ. ಕರೆದಾಗಲೆಲ್ಲ ಅವಳು “ಓ” ಅನ್ನುತ್ತಿದ್ದಳು. ಇನ್ನೇನು ಮಾಡುತ್ತಾಳೆ, ಹೇಳಿ.

ದಿನ ಕಳೆಯಿತು. ಹಗಲೆಲ್ಲ ದಾರಿ ತುಳಿಯುವುದು, ಸಂಜೆ ತೊಗಟೆ ಅಗಿಯುವುದು. ಮೈ ಇಳಿಯಿತು. ಪಕ್ಕೆಲುಬು ಎದ್ದು ಕಂಡಿತು. ಅದನ್ನಾದರೂ ಉದ್ದಿ ತಡೆದುಕೊಳ್ಳುತ್ತಿದ್ದಳು. ಆದರೆ ಅವಳ ಹಾಲು ಬತ್ತುತ್ತಾ ಬಂತು. ಕೆಂಚ ಕೆಚ್ಚಲಿಗೆ ಬಾಯಿ ಹಾಕಿ ಎಳೆದು ಎಳೆದು, ಏನೂ ಬಾರದೆ, ಸುಮ್ಮನೆ ಅಲ್ಲೇ ಹಣೆ ಒತ್ತಿಕೊಂಡು ನಿಲ್ಲುತ್ತಿದ್ದ. ಬೇರೆ ಮರಿಗಳು ಜಿಗಿದಾಡುವಾಗ ಇವನು ನೋಡುತ್ತಾ ನಿಲ್ಲುತ್ತಿದ್ದ. ಕೆಂಚು ಕೂದಲಿನ ಹೊಳಪೇ ಹೋಗಿತ್ತು.

“ನಾಳೆ ಒಳ್ಳೆ ಜಾಗ ಸಿಗುತ್ತೆ ಕಂದ,” ಅನ್ನುತ್ತಿದ್ದಳು ಉದ್ದಿ. ನಾಳೆಯೂ ಬೋಳು ಬಂಡೆಯೇ ಸಿಗುತ್ತಿತ್ತು.

ಒಂದು ಸಂಜೆ ಉದ್ದಿ ಮರದ ಹತ್ತಿರ ನಿಂತಿದ್ದಳು. ಸ್ವಲ್ಪ ದೂರದಲ್ಲಿ ಕೆಂಚ. ಕಾಲು ಅಗಲಿಸಿಕೊಂಡು ನಿಂತಿದ್ದ, ಹಾಗೆ ನಿಲ್ಲದಿದ್ದರೆ ಬಿದ್ದೇ ಹೋಗುತ್ತಿದ್ದ. ಬೆಳ್ಳಜ್ಜಿ ಎಂದಿನಂತೆ ಕೇಳುತ್ತಾ ಬಂದಳು.

“ಊಟ ಆಯ್ತಾ? ಊಟ ಆಯ್ತೇನೋ? ಊಟ ಆಯ್ತಾ ಕೆಂಚ?”

ಕೆಂಚ ಕಿವಿ ನೆಟ್ಟಗೆ ಮಾಡಿದ. ತಾಯಿಯ ದನಿಯನ್ನೇ ತನ್ನ ಪುಟ್ಟ ಗಂಟಲಿಗೆ ತಂದುಕೊಂಡು ಹೇಳಿದ:

“ಆಯ್ತಜ್ಜಿ. ನಂಗೆ ತೊಗಟೆನೇ ಇಷ್ಟ.”

ಅವನ ಬಾಯಲ್ಲಿ ಏನೂ ಇರಲಿಲ್ಲ. ತೊಗಟೆ ಸುಲಿಯುವಷ್ಟು ಅವನ ಹಲ್ಲು ಇನ್ನೂ ಗಟ್ಟಿಯಾಗಿರಲಿಲ್ಲ.

ಉದ್ದಿಗೆ ಅದು ಕೇಳಿಸಿತು. ತಾನು ಎಷ್ಟು ಸಲ ಆ ಮಾತು ಹೇಳಿದ್ದಳೋ ಏನೋ, ಒಂದು ಸಲವೂ ಇಷ್ಟು ಕೆಟ್ಟದಾಗಿ ಕೇಳಿಸಿರಲಿಲ್ಲ. ನನ್ನ ಮಗ ಸುಳ್ಳು ಹೇಳಲು ಕಲಿತ. ಯಾರಿಂದ ಕಲಿತ? ನನ್ನಿಂದಲೇ. ಹಸಿವಿನಿಂದ ಸಾಯುವಾಗಲೂ ಇವನು ಹೀಗೇ ಹೇಳುತ್ತಾನೆ. ಬಾಯಲ್ಲಿದ್ದ ತೊಗಟೆಯನ್ನು ಅವಳು ಥೂ ಅಂತ ಉಗುಳಿದಳು.

“ಅಜ್ಜಿ, ನಿಲ್ಲಿ.”

ಬೆಳ್ಳಜ್ಜಿ ಆಗಲೇ ಮುಂದೆ ಹೋಗಿದ್ದಳು.

“ಅಜ್ಜಿ, ನಿಲ್ಲಿ ಅಂದೆ!” ಆ ದನಿಗೆ ಮರದ ಮೇಲಿದ್ದ ಹಿಮ ದೊಪ್ಪೆಂದು ಬಿತ್ತು. ಹಿಂಡೆಲ್ಲ ತಿರುಗಿ ನೋಡಿತು. “ಅವನು ಹೇಳಿದ್ದು ಸುಳ್ಳು. ಅವನು ಏನೂ ತಿಂದಿಲ್ಲ. ಅವನಿಗೆ ಹಸಿವು. ನಂಗೂ ಹಸಿವು. ತೊಗಟೆ ಕಹಿ ಅಜ್ಜಿ. ನಂಗೆ ಅದು ಒಂದು ದಿನವೂ ಇಷ್ಟ ಆಗಿರಲಿಲ್ಲ.”

ಹಿಂದಿನಿಂದ ಒಬ್ಬಳು ಮೆಲ್ಲಗೆ, “ಮತ್ತೆ ನಾವು ಮರ ಎಲ್ಲ ನಿಂಗೇ ಅಂತ ಬಿಟ್ಟಿದ್ವಲ್ಲ…” ಅಂದಳು. ಅಂದು, ಕೊನೆಯ ಮಾತು ನುಂಗಿಕೊಂಡಳು.

ಬೆಳ್ಳಜ್ಜಿ ಉದ್ದಿಯ ಹತ್ತಿರ ಬಂದು ಮೊದಲ ಸಲ ನಿಂತು ನೋಡಿದಳು. ಎದ್ದ ಪಕ್ಕೆಲುಬು ನೋಡಿದಳು. ಜೋತುಬಿದ್ದ ಕೆಚ್ಚಲು ನೋಡಿದಳು. ಕೆಂಚನ ನಡುಗುವ ಕಾಲು ನೋಡಿದಳು. ಮುದುಕಿಯ ಕಣ್ಣಲ್ಲಿ ನೀರು ಬಂತು.

“ನಾನು ದಿನಾ ಕೇಳ್ತಿದ್ದೆನಲ್ಲೇ ತಾಯಿ.”

“ಕೇಳ್ತಿದ್ರಿ ಅಜ್ಜಿ. ಕೇಳಿ ಹೊರಟುಹೋಗ್ತಿದ್ರಿ. ಒಂದು ಚೂರು ನಿಂತಿದ್ರೆ ಹೇಳ್ತಿದ್ನೋ ಏನೋ.” ಉದ್ದಿ ತಲೆ ತಗ್ಗಿಸಿದಳು. “ನಂದೂ ತಪ್ಪಿದೆ. ನಾನಾಗೇ ಬಾಯಿ ಬಿಡಬೇಕಿತ್ತು.”

“ಸಾಯ್ಲಿ ಬಿಡು ಆ ಪದ್ಧತಿ!” ಅಂದಳು ಬೆಳ್ಳಜ್ಜಿ. “ನಾಳೆಯಿಂದ ನೀನೇ ಮೊದಲು ಉಣ್ಣು. ಯಾರು ಏನಂತಾರೋ ನೋಡ್ತೀನಿ.”

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಎಲ್ಲರೂ ಒಳ್ಳೆಯವರು, ತಪ್ಪು ಗೊತ್ತಾಯಿತು, ಸರಿಯಾಯಿತು ಅಂತ. ಆದರೆ ಒಳ್ಳೆಯ ಮನಸ್ಸಿಗೆ ಕಲ್ಲುಹೂವು ಬೆಳೆಯುವುದಿಲ್ಲವಲ್ಲ.

ಮಾರನೇ ದಿನ ಬಂಡೆಯ ಹತ್ತಿರ ಹಿಂಡೆಲ್ಲ ಹಿಂದೆ ಸರಿದು ನಿಂತಿತು. ಉದ್ದಿ ಮುಂದೆ ಹೋದಳು. ಅವಳ ಕಾಲು ಅಷ್ಟುದ್ದ, ಕುತ್ತಿಗೆ ಇಷ್ಟೇ ಇಷ್ಟು. ಬಾಯಿ ನೆಲ ಮುಟ್ಟಲೇ ಇಲ್ಲ. ಮುಂಗಾಲು ಮಡಚಿ ಮಂಡಿಯೂರಿ ತಿಂದಳು. ಎದ್ದು ಒಂದು ಹೆಜ್ಜೆ ಸರಿದು ಮತ್ತೆ ಮಂಡಿಯೂರಿದಳು. ಚಳಿಯಲ್ಲಿ ಎಲ್ಲರೂ ಕಾದರು. ಉದ್ದಿಯ ಹೊಟ್ಟೆ ಏನು ಸಣ್ಣದಾ? ಹತ್ತು ಜನರ ಊಟ ಅದರ ಒಂದು ಮೂಲೆಗೆ ಸಾಲದು. ತಲೆಯೆತ್ತಿ ನೋಡುತ್ತಾಳೆ, ಅರ್ಧ ಬಂಡೆ ಖಾಲಿ. ಅತ್ತೆ ಅತ್ತೆ ಅಂತ ಓಡಿ ಬರುತ್ತಿದ್ದ ಮರಿಗಳು ಸಾಲಾಗಿ ನಿಂತು, ಉಳಿದ ಅರ್ಧವನ್ನೇ ಕಣ್ಣು ಬಿಟ್ಟುಕೊಂಡು ನೋಡುತ್ತಿವೆ.

ಉದ್ದಿ ತಿನ್ನುವುದನ್ನು ಬಿಟ್ಟಳು. ಎದ್ದು ನಿಂತಳು.

“ಅಜ್ಜಿ, ಇದು ಆಗೋ ಮಾತಲ್ಲ. ನಾನು ತಿಂದ್ರೆ ಇವರಿಗಿಲ್ಲ, ಇವರು ತಿಂದ್ರೆ ನನ್ನ ಮಗನಿಗಿಲ್ಲ. ನಾನು ಕೆಂಚನ್ನ ಕರ್ಕೊಂಡು ಹೋಗ್ತೀನಿ.”

“ಎಲ್ಲಿಗೆ?”

“ಗೊತ್ತಿಲ್ಲ.”

“ಅಯ್ಯೋ ಹುಚ್ಚಿ, ಹಿಂಡಿಲ್ಲದೆ ಎಲ್ಲಾದ್ರೂ ಬದುಕೋಕಾಗುತ್ತಾ? ತೋಳ ಬಂದ್ರೆ? ಮರಿ ಬಿದ್ರೆ? ಯಾರಿಗೆ ಕೂಗ್ತೀಯ?”

“ಇಲ್ಲೇ ಇದ್ರೆ ಇನ್ನು ನಾಲ್ಕು ದಿನ ಅವನು ಉಳಿಯಲ್ಲ ಅಜ್ಜಿ. ಅಲ್ಲಿ ಏನಾಗುತ್ತೋ ಗೊತ್ತಿಲ್ಲ. ಇಲ್ಲಿ ಏನಾಗುತ್ತೆ ಅಂತ ಗೊತ್ತು.”

ಬೆಳ್ಳಜ್ಜಿ ಹತ್ತಿರ ಬಂದಳು. ಕೆಂಚನನ್ನು ಮೂಗಿನ ತುದಿಯಿಂದ ಕಿವಿಯವರೆಗೆ ನೆಕ್ಕಿದಳು. ಆಮೇಲೆ ಉದ್ದಿಯ ಮುಂಗಾಲಿಗೆ ಹಣೆ ಒತ್ತಿ ನಿಂತಳು, ಅವಳಿಗೆ ಎಟುಕಿದ್ದು ಅಷ್ಟೇ. ಉದ್ದಿ ತಿರುಗಿ ಹೊರಟಳು. ಹಿಂಡು ಕಣ್ಣಿಗೆ ಮರೆಯಾಗುವವರೆಗೂ ಹಿಂದೆ ನೋಡಲಿಲ್ಲ. ನೋಡಿದ್ದರೆ ಕಾಲು ಏಳುತ್ತಿರಲಿಲ್ಲ.

ಒಂದು ದಿನ ನಡೆದರು. ತಾಯಿ ತುಳಿದ ಗುಂಡಿಯಲ್ಲಿ ಮರಿ ಹೆಜ್ಜೆ ಇಟ್ಟು ಇಟ್ಟು ನಡೆಯಿತು. ಎರಡನೆಯ ದಿನ ಬೆಳಗ್ಗೆ ಗಾಳಿ ಎದುರಾಯಿತು. ಆ ಕಾಡಿನ ಗಾಳಿ ಎಲ್ಲರ ಮನೆ ಸುದ್ದಿಯೂ ತನಗೇ ಬೇಕು ಅನ್ನುವ ಪೈಕಿ.

“ಏನಮ್ಮಾ ಇದು, ಇಬ್ಬರೇ? ಹಿಂಡೆಲ್ಲಿ? ದಾರಿ ತಪ್ಪಿದ್ರಾ?” ಅಂತು ಗಾಳಿ.

“ಇಲ್ಲ ಗಾಳಿಯಣ್ಣ, ದಾರಿ ಹುಡುಕ್ತಾ ಇದೀವಿ.”

“ತಿರುಗಿ ಹೋಗಮ್ಮಾ. ಮುಂದೆ ಇನ್ನೂ ಹಿಮ. ಒಂಟಿ ಪ್ರಾಣಿ ಅಂತ ಈ ಲೋಕದಲ್ಲಿ ನಾನು ಇನ್ನೂ ನೋಡಿಲ್ಲ.”

“ಈಗ ನೋಡು,” ಅಂದಳು ಉದ್ದಿ, ಮತ್ತೆ ನಡೆದಳು.

ಹತ್ತು ಹೆಜ್ಜೆ ಹೋಗಿರಲಿಕ್ಕಿಲ್ಲ. ಹಿಂದೆ ಮೆತ್ತಗೆ ಸದ್ದಾಯಿತು. ಕೆಂಚ ಬಿದ್ದಿದ್ದ. ಉದ್ದಿ ತಿರುಗಿದಳು. ಓಡಿ ಹೋಗಿ ಅವನ ಸುತ್ತ ತನ್ನ ನಾಲ್ಕು ಕಾಲೂ ಗೋಡೆಯ ಹಾಗೆ ನಿಲ್ಲಿಸಿ, ಮುಖ ಬಗ್ಗಿಸಿದಳು.

“ಕಂದಾ, ಹಸಿವಾ?”

ಕೆಂಚ ಕಣ್ಣು ಮುಚ್ಚಿಕೊಂಡೇ, “ಇಲ್ಲಮ್ಮ. ನಂಗೆ…” ಅಂತ ಶುರು ಮಾಡಿದ.

“ಬೇಡ. ಆ ಮಾತು ಬೇಡ ಮಗಾ. ನಾನು ಇಲ್ಲೇ ನಿಂತಿದೀನಿ, ಎಲ್ಲೂ ಹೋಗಲ್ಲ. ನಿಜ ಹೇಳು. ಹಸಿವಾ?”

ಕೆಂಚ ಒಂದು ಕಣ್ಣು ತೆರೆದು ನೋಡಿದ. ಉದ್ದಿ ನಿಂತೇ ಇದ್ದಳು.

“ಹ್ಞೂಂ ಅಮ್ಮ. ತುಂಬ.”

“ಎಲ್ಲಿ ಹಸಿವು?”

“ಹೊಟ್ಟೇಲಿ. ಕಾಲಲ್ಲೂ.”

ಉದ್ದಿ ಅತ್ತಳು. ಅತ್ತು ಮುಗಿಸಿ ತಲೆಯೆತ್ತಿ, ಆ ಇಡೀ ಬಿಳಿ ಕಾಡಿಗೆ ಕೇಳುವ ಹಾಗೆ ಕೂಗಿದಳು: “ಗಾಳಿಯಣ್ಣಾ! ನನ್ನ ಮಗನಿಗೆ ಹಸಿವು! ನಂಗೂ ಹಸಿವು! ಎಲ್ಲಿ ತಿನ್ನೋಕೆ ಸಿಗುತ್ತೆ ಹೇಳು!”

ಗಾಳಿ ಗಕ್ಕನೆ ನಿಂತಿತು. ಪಾಪ, ಅದಕ್ಕೆ ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ. ಯಾವ ಕಣಿವೆಯಲ್ಲಿ ಏನು ಚಿಗುರಿದೆ, ಯಾವ ದಂಡೆಯಲ್ಲಿ ಏನು ಬೆಳೆದಿದೆ, ಎಲ್ಲದರ ವಾಸನೆಯೂ ಅದರ ಬಳಿ ಇತ್ತು.

“ಕೇಳಿದ್ರೆ ತಾನೇ ಹೇಳೋದು!” ಅಂತು. “ಈ ದಿಬ್ಬದ ಆಚೆ ಹೊಳೆ ಇದೆ. ಅದರ ದಂಡೆ ತುಂಬ ಎಳೇ ಕಡ್ಡಿಗಿಡ. ನಾನು ದಿನಾ ಸವರಿಕೊಂಡು ಬರ್ತೀನಿ, ಘಮಘಮ ಅನ್ನುತ್ತೆ. ಕೆಳಗಿಂದೆಲ್ಲ ಹಿಮದಲ್ಲಿ ಮುಚ್ಚಿದೆ, ಮೇಲಿಂದು ಯಾರಿಗೂ ಎಟುಕಲ್ಲ. ನಿಂಗೆ ಎಟುಕುತ್ತೋ ನೋಡು.”

ಉದ್ದಿ ಮೂಗಿನಿಂದ ಕೆಂಚನನ್ನು ಎಬ್ಬಿಸಿ ನಿಲ್ಲಿಸಿದಳು. ಬಿದ್ದ, ಮತ್ತೆ ಎಬ್ಬಿಸಿದಳು. ಗಾಳಿ ಹಿಂದಿನಿಂದ ಅವನ ಬೆನ್ನು ತಳ್ಳಿತು. ಮೂವರೂ ಸೇರಿ ಹೇಗೋ ದಿಬ್ಬ ಹತ್ತಿ ಇಳಿದರು. ಅಲ್ಲಿ ಹೊಳೆ ಮಂಜುಗಡ್ಡೆ ಕಟ್ಟಿ ಮಲಗಿತ್ತು. ಅದರ ದಂಡೆಯಲ್ಲಿ ಗಿಡಗಳೋ ಗಿಡಗಳು. ಎಳೆಯ ಕೆಂಪು ಕಡ್ಡಿಗಳು ಹಿಮದ ಮೇಲೆ ಎದ್ದು, ಸರಿಯಾಗಿ ಉದ್ದಿಯ ಬಾಯಿಯ ಎತ್ತರಕ್ಕೆ ನಿಂತಿದ್ದವು.

“ಹೊಳೆಯಕ್ಕ, ತಿನ್ನಲಾ?”

“ಅದನ್ನೂ ಕೇಳ್ತಾರಾ?” ಅಂತು ಹೊಳೆ, ಗಡ್ಡೆಯ ಕೆಳಗಿನಿಂದ. “ಇಷ್ಟು ದಿನ ಯಾರಿಗೂ ಎಟುಕದೆ ದಂಡವಾಗಿ ಹೋಗ್ತಿತ್ತು. ತಿನ್ನು ತಾಯಿ, ಹೊಟ್ಟೆ ತುಂಬ ತಿನ್ನು. ಬೇಸಿಗೆಗೆ ಈ ಗಡ್ಡೆ ಒಡೀಲಿ. ಆಮೇಲೆ ನಾನು ಹೋಗಿ ಸೇರೋ ಕೆರೇಲಿ ಏನೇನಿದೆ ಅಂತ ತೋರಿಸ್ತೀನಿ.”

ಉದ್ದಿ ತಿಂದಳು. ಮಂಡಿಯೂರಲಿಲ್ಲ, ಯಾರಿಗೂ ಕಾಯಲಿಲ್ಲ. ನೆಟ್ಟಗೆ ನಿಂತು, ಕಡ್ಡಿಗಳನ್ನು ಬಾಯಲ್ಲಿ ಎಳೆದೆಳೆದು ತಿಂದಳು. ಕೆಂಚನಿಗೂ ಕೊಂಬೆ ಬಗ್ಗಿಸಿ ಎಳೆಯ ತುದಿ ಕೊಟ್ಟಳು. ಮಧ್ಯಾಹ್ನವಾಯಿತು, ಸಂಜೆಯಾಯಿತು, ತಿನ್ನುತ್ತಲೇ ಇದ್ದಳು. ಮೂರನೆಯ ದಿನ ಕೆಂಚ ಕೆಚ್ಚಲಿಗೆ ಬಾಯಿ ಹಾಕಿದವನು ಬಿಡಲೇ ಇಲ್ಲ. ಬಾಯಿಯ ಎರಡೂ ಕಡೆಯಿಂದ ನೊರೆ ಇಳಿಯಿತು. ಹಾಲು ಬಂದಿತ್ತು.

ತೋಳ ಬರಲಿಲ್ಲವಾ ಅಂತ ಕೇಳುತ್ತೀರಿ, ಗೊತ್ತು. ಬಂತು. ಉದ್ದಿ ಆ ಉದ್ದ ಕಾಲು ಒಂದು ಸಲ ಬೀಸಿದಳು. ಹೋಯಿತು. ಅಷ್ಟೇ ಅದರ ಕಥೆ.

ಚಳಿ ಕಳೆಯಿತು. ಹೊಳೆಯ ಗಡ್ಡೆ ಢಬ್ ಢಬ್ ಅಂತ ಒಡೆದು ತೇಲಿಹೋಯಿತು. ಹೊಳೆ ಹೇಳಿದ ಮಾತಿನಂತೆ ಅವರನ್ನು ಕೆರೆಗೆ ಕರೆದುಕೊಂಡು ಹೋಯಿತು. ಕೆರೆಯ ತಳದಲ್ಲಿ ನೈದಿಲೆಯ ಗೆಡ್ಡೆ, ಮೆತ್ತನೆಯ ನೀರುಗಿಡ, ಬೇಕಾದಷ್ಟು. ಉದ್ದಿ ಹೊಟ್ಟೆಮಟ್ಟದ ನೀರಿಗಿಳಿದು, ತಲೆಯನ್ನು ಪೂರ್ತಿ ಮುಳುಗಿಸಿ ತಿನ್ನುವುದನ್ನು ಕಲಿತಳು.

ಒಂದು ದಿನ ಹಿಮಸಾರಂಗಗಳ ಹಿಂಡು ಆ ಕೆರೆಯ ಆಚೆ ದಂಡೆಯಲ್ಲಿ ಹಾದುಹೋಯಿತು. ಈಗ ಅವರು ಸರತಿಯ ಮೇಲೆ ದಾರಿ ತುಳಿಯುತ್ತಿದ್ದರು, ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಬೆಳ್ಳಜ್ಜಿ ಹಿಂಡನ್ನು ಮುಂದೆ ಬಿಟ್ಟು ದಂಡೆಯಲ್ಲಿ ನಿಂತಳು. ನೀರಿನ ನಡುವೆ ಉದ್ದಿಯ ಬೆನ್ನು ಮಾತ್ರ ಕಾಣುತ್ತಿತ್ತು, ತಲೆ ನೀರೊಳಗೆ. ಮೈ ತುಂಬಿಕೊಂಡಿತ್ತು. ಪಕ್ಕದಲ್ಲಿ ಒಂದು ಕೆಂಚು ಮರಿ ನೀರು ಎರಚಾಡುತ್ತಿತ್ತು. ಮುದುಕಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಉದ್ದಿ ತಲೆಯೆತ್ತುವವರೆಗೂ ಅವಳು ಅಲ್ಲೇ ನಿಂತಿದ್ದಳು. ಎತ್ತಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. “ಬಾರೇ, ಹಿಂಡಿಗೆ ಬಾ” ಅನ್ನಬೇಕು ಅಂತ ಬಂದಿದ್ದವಳು ಹಾಗೆ ಅನ್ನಲಿಲ್ಲ. “ಚೆನ್ನಾಗಿದೀಯ ಕಣೇ,” ಅಂತಷ್ಟೇ ಹೇಳಿ ತನ್ನವರ ಹಿಂದೆ ಹೋದಳು.

ಗಾಳಿ ಸುಮ್ಮನಿರುವ ಪೈಕಿಯಾ? ಉದ್ದಿಯ ಕಥೆಯನ್ನು ಕಾಡಿಂದ ಕಾಡಿಗೆ ಹೊತ್ತು ಹೇಳಿತು. ಬೇರೆ ಬೇರೆ ಹಿಂಡುಗಳಲ್ಲಿ ದಾರಿ ತುಳಿದು ತುಳಿದು ಸವೆದಿದ್ದ ಉದ್ದ ಕಾಲಿನವರೆಲ್ಲ ಒಬ್ಬೊಬ್ಬರೇ ಹಿಂಡು ಬಿಟ್ಟು ನೀರಿರುವ ಕಡೆ ಹೊರಟರು. ಅವರು ಯಾರ ಮೇಲೂ ಕೋಪ ಮಾಡಿಕೊಂಡು ಹೋದವರಲ್ಲ. ಅವರ ಹೊಟ್ಟೆ ದೊಡ್ಡದು, ಅದಕ್ಕೆ ದೊಡ್ಡ ಕಾಡು ಬೇಕು.

ಆಮೇಲೆ ಎಷ್ಟೋ ಕಾಲಕ್ಕೆ ಮನುಷ್ಯರು ಆ ಕಾಡಿಗೆ ಬಂದರು. ಚಳಿಗಾಲದಲ್ಲಿ ಕಡ್ಡಿಯೂ ಸಾಲದೆ ಬಂದಾಗ ಉದ್ದಿಯ ಮಕ್ಕಳು ಮೊಮ್ಮಕ್ಕಳು ತೊಗಟೆ ಸುಲಿಯುವುದನ್ನು ನೋಡಿ, ತಮ್ಮ ಮಾತಿನಲ್ಲಿ ಅದೇ ಅರ್ಥ ಬರುವ ಹೆಸರಿಟ್ಟರು. ಮೂಸ್ ಅಂದರೆ ಅದೇ, ತೊಗಟೆ ಸುಲಿಯುವುದು ಅಂತ. ಸಮುದ್ರದ ಇನ್ನೊಂದು ದಡದವರು ಅದನ್ನೇ ಎಲ್ಕ್ ಅಂದರು. ಎರಡೂ ಒಂದೇ ಪ್ರಾಣಿ, ಜಗಳ ಆಡಬೇಡಿ. ಆನೆಗಳದ್ದು ಹಿಂಡು, ಕುರಿಗಳದ್ದು ಮಂದೆ, ಮೂಸ್‌ಗಳದ್ದು ಏನು ಅಂತ ಕೇಳಿದರೆ ಮಾತ್ರ ಆ ಊರಿನವರೂ ತಲೆ ಕೆರೆದುಕೊಳ್ಳುತ್ತಾರೆ.

ಅದಕ್ಕೇ ಇವತ್ತಿಗೂ, ಆ ಹಿಮದ ನಾಡಿನ ಮಕ್ಕಳು ಬೇಸಿಗೆಯಲ್ಲಿ ಕೆರೆಯ ದಂಡೆಗೆ ಹೋದರೆ ಅಲ್ಲಿ ಹಿಂಡು ಕಾಣುವುದಿಲ್ಲ. ನೀರಿನ ನಡುವೆ ಒಂದು ತಾಯಿ ಮೂಸ್, ಪಕ್ಕದಲ್ಲಿ ಅದರ ಕೆಂಚು ಮರಿ, ಎರಡೂ ಒಟ್ಟಿಗೇ ಬಾಯಿ ಹಾಕಿ ಹೊಟ್ಟೆ ತುಂಬುವ ತನಕ ತಿನ್ನುತ್ತಾ ನಿಂತಿರುತ್ತವೆ.